ಅಳತೆ ಬೇಡ ಎಂದವಳು

ಟಿಕ್...

ಮಂಚದ ಕಬ್ಬಿಣದ ಸರಳಿಗೆ ಏನೋ ತಾಗಿದ ಸದ್ದು.

ಮಧ್ಯರಾತ್ರಿ ಕಳೆದಿತ್ತು. ಬೆಳಗಾದರೆ ಸ್ಕ್ಯಾನ್. ಆರು ತಿಂಗಳಿಗೊಮ್ಮೆ ಬರುವ ಆ ದಿನದ ಹಿಂದಿನ ರಾತ್ರಿ ಅವಳಿಗೆ ಗಾಢ ನಿದ್ದೆ ಹತ್ತುತ್ತಲೇ ಇರಲಿಲ್ಲ.

ಕಣ್ಣು ಬಿಟ್ಟಳು. ಮಂಚದ ಪಕ್ಕ ಗಂಡ ಮೊಣಕಾಲೂರಿ ಕೂತಿದ್ದ. ಬಾಯಲ್ಲಿ ಪುಟ್ಟ ಟಾರ್ಚ್. ಅವನ ಹೊಲಿಗೆಯ ಟೇಪು ಅವಳ ಎಡತೋಳನ್ನು ಸುತ್ತಿತ್ತು. ಟೇಪಿನ ತುದಿಯ ಹಿತ್ತಾಳೆಯೇ ಸರಳಿಗೆ ಬಡಿದದ್ದು!

"ಏನ್ರೀ ಇದು?"

ಟಾರ್ಚ್ ದಡಕ್ಕನೆ ಕೆಳಗೆ ಬಿತ್ತು.

"ಏನಿಲ್ಲ... ನಿನಗೊಂದು ಹೊಸ ಅಂಗಿ ಹೊಲಿಯೋಣ ಅಂತ..."

"ಮೂರು ವರ್ಷ ಆಯ್ತು ನೀವು ನನ್ನ ಮುಟ್ಟಿ! ಇವತ್ತು ಮುಟ್ಟಿದ್ದು, ಅದೂ ಟೇಪ್ ಹಿಡ್ಕೊಂಡು! ನಾನೇನು ನಿಮ್ಮ ಗಿರಾಕಿನಾ?"

ಅವನು ಟೇಪನ್ನು ಬೆರಳಿಗೆ ಸುತ್ತಿಕೊಂಡು ಅಂಗಡಿ ಕೋಣೆಗೆ ಹೋಗಿಬಿಟ್ಟ.

'ಹೋಗಿ... ಇದೊಂದೇ ರಾತ್ರಿ. ನಾಳೆಯಿಂದ ನಿಮಗೆ ಈ ಕಷ್ಟವೂ ಇರಲ್ಲ.'

ಅವಳ ಬ್ಯಾಗು ಆಗಲೇ ಸಿದ್ಧವಾಗಿತ್ತು. ಸ್ಕ್ಯಾನ್ ಮುಗಿಸಿ, ಆಸ್ಪತ್ರೆಯಿಂದಲೇ ಅತ್ತಿಗೆಯ ಜೊತೆ ಅಣ್ಣನ ಮನೆಗೆ. ಮತ್ತೆ ವಾಪಸಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹನ್ನೊಂದು ವರ್ಷ ಅವನು ಕತ್ತರಿಸಿ ಹೊಲಿದಿದ್ದ, ಅವಳು ಅಂಚು ಮಡಿಸಿ ಗುಂಡಿ ಹಾಕಿದ್ದಳು. ಆಮೇಲೆ ಎದೆಯ ಎಡಗಡೆ ಗಂಟು, ಆಪರೇಷನ್, ಔಷಧಿ, ಕೂದಲು ಉದುರಿದ್ದು... ಎಲ್ಲವನ್ನೂ ಗೆದ್ದು ಬಂದಳು. ಆದರೆ ಮನೆಗೆ ಬಂದ ವಾರದಲ್ಲೇ ಅವನು ತನ್ನ ಹಾಸಿಗೆಯನ್ನು ಮಿಷನ್ನಿನ ಪಕ್ಕಕ್ಕೆ ಒಯ್ದ. "ಆರ್ಡರ್ ಜಾಸ್ತಿ ಇದೆ" ಎಂದ. ಗುಂಡಿಯ ಕೆಲಸವನ್ನು ಹಿಂದಿನ ಬೀದಿಯ ಹೆಂಗಸಿಗೆ ಕೊಟ್ಟ. "ನಿನಗ್ಯಾಕೆ ಕಷ್ಟ" ಎಂದ.

ಅವಳಿಗೆ ಅರ್ಥವಾಗಿತ್ತು. ಅರ್ಥವಾಗಿದೆ ಎಂದುಕೊಂಡಿದ್ದಳು.

*

"ನಿನ್ನ ಗಂಡ ತನ್ನ ಬಾಯಿಗೂ ಗುಂಡಿ ಹಾಕ್ಕೊಂಡಿದಾನೆ ನೋಡು," ಎಂದರು ಅತ್ತಿಗೆ, ಆಸ್ಪತ್ರೆಯ ಬೆಂಚಿನಲ್ಲಿ. "ಬ್ಯಾಗ್ ತಂದ್ರೆ ಎಲ್ಲಿಗೆ ಅಂತ ಕೂಡ ಕೇಳ್ಲಿಲ್ಲ!"

"ಕೇಳಲ್ಲ ಬಿಡಿ ಅತ್ತಿಗೆ."

ಉಳಿದಿದ್ದ ಬಲ ಎದೆಯನ್ನು ಯಂತ್ರದ ತಣ್ಣನೆಯ ಎರಡು ಹಲಗೆಗಳ ನಡುವೆ ಒತ್ತಿದರು. ಉಸಿರು ಹಿಡಿಯಿರಿ... ಬಿಡಿ. ಆಮೇಲೆ ಕತ್ತಲೆ ಕೋಣೆ, ಅಂಟಂಟಾದ ಜೆಲ್ಲು. ಸ್ಕ್ಯಾನ್ ಮಾಡುವ ಹುಡುಗಿ ಮಳೆ, ಸೆಖೆ ಎಂದು ಏನೇನೋ ಹರಟುತ್ತಿದ್ದಳು.

ಒಂದು ಜಾಗದಲ್ಲಿ ಅವಳ ಮಾತು ನಿಂತಿತು.

ಕೈ ಮತ್ತೆ ಅದೇ ಜಾಗಕ್ಕೆ ಬಂತು. ಮತ್ತೆ.

"ಒಂದು ನಿಮಿಷ... ಡಾಕ್ಟರ್ ಒಮ್ಮೆ ನೋಡ್ಲಿ."

'ಬೇಡ... ದೇವರೇ, ಬೇಡ! ಏನಾದರೂ ಹರಟೆ ಹೊಡಿ ಹುಡುಗೀ, ಮಳೆ ವಿಷಯ ಆದರೂ ಸರಿ...'

ಡಾಕ್ಟರ್ ಮೆದುವಾಗಿಯೇ ಹೇಳಿದರು. "ಹೋದ ಸಲ ಇಲ್ಲದ ಒಂದು ಸಣ್ಣ ನೆರಳು ಕಾಣ್ತಿದೆ. ಏನೂ ಅಲ್ಲದೆಯೂ ಇರಬಹುದು. ಶುಕ್ರವಾರ ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸೋಣ. ಅಲ್ಲಿವರೆಗೆ ಏನೂ ಊಹೆ ಮಾಡ್ಕೋಬೇಡಿ."

ಊಹೆ ಮಾಡಬಾರದಂತೆ! ಮೂರು ವರ್ಷದಿಂದ ಅವಳು ಬೇರೆ ಏನು ಮಾಡಿದ್ದಾಳೆ?

ಹೊರಗೆ, ಆಪರೇಷನ್ ಸಮಯದಲ್ಲಿ ನೋಡಿಕೊಂಡಿದ್ದ ಹಳೆಯ ನರ್ಸ್ ಫೈಲು ಹಿಡಿದು ಬಂದರು. "ಯಜಮಾನ್ರು ಬಂದಿಲ್ವಾ?"

"ಅವರಿಗೇನು ಬಿದ್ದಿದೆ ಸಿಸ್ಟರ್?" ಎಂದಳು ಅವಳು. "ಬದುಕಿದೀನೋ ಸತ್ತಿದೀನೋ ಅವರಿಗೆ ಎಲ್ಲಾ ಒಂದೇ."

ನರ್ಸಿನ ಮುಖ ಗಂಟಿಕ್ಕಿತು. "ಹಾಗನ್ಬೇಡಿ. ನಾನು ಹೇಳಬಾರದು, ಮಾತು ಕೊಟ್ಟಿದೀನಿ... ಆದ್ರೆ ಇದನ್ನ ಕೇಳ್ಕೊಂಡು ಸುಮ್ಮನಿರೋಕೆ ಆಗಲ್ಲ."

ಫೈಲಿನ ಕೊನೆಯ ಹಾಳೆ ತೆಗೆದರು. ತಿಂಗಳುಗಳ ಸಾಲು. ಎಡತೋಳು, ಬಲತೋಳು. ಎಡತೋಳು, ಬಲತೋಳು.

"ಆಪರೇಷನ್ ಆದ ಕಡೆ ಕೈ ಊದಿಕೊಳ್ಳಬಹುದು, ತಿಂಗಳಿಗೊಮ್ಮೆ ಅಳೀಬೇಕು ಅಂತ ಅವತ್ತು ಹೇಳ್ದಾಗ ನೀವೇನು ಮಾಡಿದ್ರಿ, ನೆನಪಿದ್ಯಾ?"

ನೆನಪಿತ್ತು. 'ಇನ್ನು ನನ್ನ ಮೈನ ಯಾರೂ ಅಳೀಬೇಡಿ!' ಎಂದು ಇಡೀ ವಾರ್ಡಿಗೆ ಕೇಳುವಂತೆ ಕಿರುಚಿ ಟೇಪನ್ನು ಕಿತ್ತೆಸೆದಿದ್ದಳು.

"ಅದನ್ನ ಎತ್ಕೊಂಡಿದ್ದು ಅವರು. 'ನಾನು ದರ್ಜಿ, ಅಳತೆ ನನಗೆ ಬಿಡಿ' ಅಂದ್ರು. ನೀವು ಮಲಗಿದ ಮೇಲೆ ಅಳೆದು, ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಳ್ತಾರೆ. ಮೂವತ್ತಾರು ತಿಂಗಳು, ಒಂದೂ ತಪ್ಪಿಲ್ಲ. ಇವತ್ತೂ ಮಾಡಿದ್ರು. ದನಿ ನಡುಗ್ತಿತ್ತು."

ಅವಳು ಹಾಳೆಯ ಆ ಸಾಲುಗಳ ಮೇಲೆ ಬೆರಳಾಡಿಸಿದಳು.

"ಇನ್ನೊಂದು ಕೇಳಿ. ಆ ಕೈಗೆ ಗಾಯ, ಚುಚ್ಚು ಆಗದ ಹಾಗೆ ನೋಡ್ಕೊಳ್ಳಿ, ಹೊಲಿಯೋವಾಗ ಬೆರಳಿಗೆ ಲೋಹದ ಟೋಪಿ ಹಾಕ್ಕೊಳ್ಲಿ ಅಂದಿದ್ದೆ. ಅಷ್ಟೇ! ಆ ಪುಣ್ಯಾತ್ಮ ನಿಮ್ಮ ಕೈಯಿಂದ ಸೂಜಿನೇ ಬಿಡಿಸಿ, ತಾನೂ ಬೇರೆ ಮಲಗ್ತಾರಂತೆ. ತನ್ನ ಅಂಗಿ ತುಂಬಾ ಪಿನ್ನು, ನಿದ್ದೇಲಿ ಚುಚ್ಚಿದ್ರೆ ಅಂತ! ಹೋದ ತಿಂಗಳು ಗೊತ್ತಾಯ್ತು ನನಗೆ. ಬೈದೆ. ತಲೆ ತಗ್ಗಿಸಿ ಕೇಳಿಸ್ಕೊಂಡ್ರು."

ಅತ್ತಿಗೆ ಎದ್ದು ನಿಂತಿದ್ದರು. "ಗಾಡಿ ಬಂತು. ಹೋಗೋಣ್ವಾ, ಅಣ್ಣನ ಮನೆಗೆ?"

"ಇಲ್ಲ ಅತ್ತಿಗೆ... ನನ್ನ ಮನೆಗೆ."

*

ಅಂಗಡಿಯಲ್ಲಿ ಹಳೆಯ ಗಿರಾಕಿ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ತಮ್ಮ ಪ್ಯಾಂಟಿಗಾಗಿ ಕಾಯುತ್ತಿದ್ದರು.

"ಮೇಷ್ಟ್ರೇ, ಒಂದು ಗಂಟೆ ಬಿಟ್ಟು ಬನ್ನಿ."

"ಅಲ್ಲಮ್ಮಾ, ನನ್ನ ಪ್ಯಾಂಟು?"

"ಅದು ಒಬ್ಬಂಟಿಯಾಗಿ ಎಲ್ಲೂ ನಡ್ಕೊಂಡು ಹೋಗಲ್ಲ."

ಮೇಷ್ಟ್ರು ಗೊಣಗುತ್ತ ಇಳಿದರು. ಅವಳು ಷಟರ್ ಎಳೆದಳು. ಅರೆಗತ್ತಲು. ಅವನು ಕತ್ತರಿ ಹಿಡಿದವನು ಹಿಡಿದಂತೆಯೇ ನಿಂತಿದ್ದ.

"ನಿನ್ನೆ ಎಷ್ಟು ಬಂತು ಅಳತೆ?"

ಅವನ ಮುಖ ಬಿಳಿಚಿತು. "...ಎರಡೂ ಸಮ. ಒಂದು ನೂಲೆಳೆಯಷ್ಟೂ ಹೆಚ್ಚಿಲ್ಲ."

"ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಅಳೀಬೇಡಿ ಅಂದಿದ್ದೆಯಲ್ಲ... ನನಗೆ ಗೊತ್ತಿರೋದು ಅದೊಂದೇ ಕೆಲಸ ಕಣೇ."

"ಮತ್ತೆ ಹಾಸಿಗೆ?"

"ಆಸ್ಪತ್ರೆಯಿಂದ ಬಂದ ಮೂರನೇ ರಾತ್ರಿ ನಿನ್ನ ದಿಂಬಿನ ಮೇಲೆ ಒಂದು ಪಿನ್ನು ಸಿಕ್ತು. ನಿನ್ನ ಕೈಯಿಂದ ಒಂದು ಗೇಣು ದೂರ. ಅವತ್ತೇ ಎದ್ದು ಹೋದೆ. ಆಮೇಲೆ ದಿನಾ ಎಣಿಸಿ ಡಬ್ಬಿಗೆ ಹಾಕ್ತಿದ್ದೆ. ಆದ್ರೂ ಒಂದು ಉಳಿದಿದ್ರೆ, ಒಂದೇ ಒಂದು ಉಳಿದಿದ್ರೆ ಅನ್ಸೋದು..."

"ನಿಮಗೆ ನನ್ನ ಕಂಡ್ರೆ ಅಸಹ್ಯ ಅಂದ್ಕೊಂಡಿದ್ದೆ ರೀ."

"ಅಸಹ್ಯ?" ಅವನು ದಂಗಾದ. "ನಾನು ಹೊಲಿಗೆಯವನು ಕಣೇ! ಹೊಲಿಗೆ ಗುರುತು ನೋಡಿ ಮುಖ ತಿರುಗಿಸ್ತೀನಾ?"

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಬಲಗಡೆ... ಒಂದು ನೆರಳು ಕಂಡಿದೆ. ಶುಕ್ರವಾರ ಪರೀಕ್ಷೆ."

ಅವನು ಮೆಲ್ಲಗೆ ಮಿಷನ್ನಿನ ಮುಂದೆ ಕೂತ. ಬಟ್ಟೆಯಿಲ್ಲ, ದಾರವಿಲ್ಲ. ಸುಮ್ಮನೆ ಪೆಡಲು ತುಳಿಯತೊಡಗಿದ. ಗಡಗಡ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿಸಿತು. ಅವನು ಅಳುತ್ತಿದ್ದ!

ಹೆಗಲಿನ ಕುಲುಕಾಟದಲ್ಲೇ ಇದು ಮೊದಲ ಸಲವಲ್ಲ ಎಂದು ಅವಳಿಗೆ ಗೊತ್ತಾಗಿಹೋಯಿತು. ಎಷ್ಟು ರಾತ್ರಿ ಈ ಗಡಗಡ ಕೇಳಿ, 'ಆರ್ಡರೇ ಹೆಚ್ಚಾಯ್ತು ಇವರಿಗೆ' ಎಂದು ಮಗ್ಗುಲಾಗಿದ್ದಳೋ...

ಬಗ್ಗಿ ಅವನ ಪಾದದ ಮೇಲೆ ಕೈಯಿಟ್ಟಳು. "ನಿಲ್ಲಿಸಿ."

"ಹೊರಗೆ ಕೇಳುತ್ತೆ..."

"ಕೇಳ್ಲಿ. ನನಗೆ ಕೇಳ್ಬೇಕು."

ಮಿಷನ್ ನಿಂತಿತು. ಆ ಗಂಡಸು ಮಗುವಿನ ಹಾಗೆ ದನಿ ತೆಗೆದು ಅತ್ತ. ಅವಳ ಎದೆಯ ಎಡಭಾಗಕ್ಕೆ, ಏನೂ ಇಲ್ಲದ ಆ ಸಮತಟ್ಟಿಗೆ, ಹಣೆಯೊತ್ತಿ ಅತ್ತ. ಆ ಜಾಗಕ್ಕೆ ಸ್ಪರ್ಶ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೂ ಅಂಗಿ ಒದ್ದೆಯಾದದ್ದು ತಿಳಿಯಿತು.

"ಶುಕ್ರವಾರ ಬರ್ತೀರಾ?" ತುಂಬ ಹೊತ್ತಿನ ಮೇಲೆ ಕೇಳಿದಳು.

"ಬರ್ತೀನಿ."

"ಮೇಷ್ಟ್ರ ಪ್ಯಾಂಟು?"

"ಹರಿದಿದ್ದೇ ಹಾಕ್ಕೊಂಡಿರ್ಲಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆಮೇಲೆ ನಗು ನಿಂತಿತು. "ಮತ್ತೆ ಅದೇ ಆಗಿದ್ರೆ, ರೀ?"

ಅವನು ಸುಳ್ಳು ಧೈರ್ಯ ಹೇಳಲಿಲ್ಲ. ಅವಳ ಎಡಗೈಯನ್ನು ಎರಡೂ ಕೈಗಳಲ್ಲಿ, ಬೆಲೆಬಾಳುವ ಬಟ್ಟೆಯನ್ನು ಹಿಡಿಯುವಂತೆ ಹಿಡಿದ.

"ಆಗಿದ್ರೆ... ಪಕ್ಕದಲ್ಲೇ ಮಲಗಿ ಹೆದರ್ತೀನಿ. ದೂರ ಮಲಗಿ ಹೆದರಿ ಹೆದರಿ ಸಾಕಾಗಿದೆ."

ಷಟರ್ ಎತ್ತಿದಾಗ ಮೇಷ್ಟ್ರು ಮೆಟ್ಟಿಲ ಮೇಲೇ ಕೂತಿದ್ದರು.

"ಹಾಡಹಗಲೇ ಬಾಗಿಲು ಹಾಕಿದ್ರಲ್ಲ ತಾಯಿ, ಏನಾಯ್ತು?"

ಅವಳು ಹಿಂತಿರುಗಿ ನೋಡಿದಳು. ಅವನು ಒಳಗೆ ಮುಖ ತೊಳೆಯುತ್ತಿದ್ದ. ಮೂರು ವರ್ಷದಲ್ಲಿ ಅವಳ ಮೈಯನ್ನು ಎಷ್ಟೋ ಯಂತ್ರಗಳು ನೋಡಿದ್ದವು, ಎಷ್ಟೋ ಕೈಗಳು ಬರೆದಿಟ್ಟಿದ್ದವು. ಅವಳದು ಎನ್ನುವ ಗುಟ್ಟು ಒಂದೂ ಉಳಿದಿರಲಿಲ್ಲ. ಸಂಜೆ ಅತ್ತಿಗೆ ಫೋನ್ ಮಾಡುತ್ತಾರೆ. ಶುಕ್ರವಾರ ನರ್ಸ್ ಕೇಳುತ್ತಾರೆ. ಕೇಳಲಿ... ಷಟರ್ ಹಿಂದೆ ಅವನು ಅತ್ತದ್ದು ಮಾತ್ರ ಯಾವ ಫೈಲಿಗೂ ಹೋಗುವುದಿಲ್ಲ. ಯಾರಿಗೂ ಹೇಳುವುದಿಲ್ಲ.

"ಕತ್ತರಿ ಕಾಣ್ತಿರಲಿಲ್ಲ ಮೇಷ್ಟ್ರೇ, ಹುಡುಕ್ತಿದ್ವಿ," ಎಂದಳು.