ಛತ್ರಿಯ ಆಚೆ

1943ರ ಫೆಬ್ರವರಿ 17, ಬುಧವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಸವಣೂರಿನಲ್ಲಿ ಅರಳೆ ತುಂಬಿಡುತ್ತಿದ್ದ ಹಳೆಯ ವಖಾರಿಯ ತಗಡಿನ ಬಾಗಿಲನ್ನು ಗೋದಾಬಾಯಿ ಎರಡು ಸಲ ತಟ್ಟಿದಳು. ಮೂರನೆಯ ಸಲಕ್ಕೆ ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು. ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಲು ಧೈರ್ಯವಿರಲಿಲ್ಲ. ಹಿಂದೆ ಮುಂದೆ ನೋಡುವವರ ಮೇಲೇ ಪೊಲೀಸರ ಕಣ್ಣು ಬೀಳುತ್ತದೆ ಎಂಬುದು ಆರು ತಿಂಗಳಲ್ಲಿ ಅವಳು ಕಲಿತ ಪಾಠ.

ಬಾಗಿಲು ತೆರೆದವನು ಸಿನೆಮಾ ಆಪರೇಟರ ಉಳಿವೆಪ್ಪ. ಇಪ್ಪತ್ತಾರರ ಹರೆಯ, ಮಡಚಿದ ತೋಳು, ಬೆರಳ ತುದಿಗೆ ಅಂಟು. ಅವನ ಹಿಂದಿನಿಂದ ಬಾಳೆಹಣ್ಣಿನಂಥ ವಾಸನೆ ಬಂತು. ಫಿಲ್ಮು ಅಂಟಿಸುವ ದ್ರಾವಣದ್ದು. ಧಾರವಾಡದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವಳು ಮೂಸಿದ್ದ ವಾಸನೆ. ಪರಿಚಯದ ಒಂದು ವಸ್ತು ಸಿಕ್ಕಿದ್ದಕ್ಕೆ ಅವಳ ಎದೆಬಡಿತ ಕೊಂಚ ತಗ್ಗಿತು.

ತಾನು ಹೆಣ್ಣುಮಕ್ಕಳ ಶಾಲೆಯ ವಿಜ್ಞಾನದ ಶಿಕ್ಷಕಿ ಎಂದೂ, ಇಲ್ಲಿ ಮಲೇರಿಯಾದ ಫಿಲ್ಮು ಇದೆಯೆಂದು ಕೇಳಿದ್ದಾಗಿಯೂ, ಮಕ್ಕಳಿಗೆ ತೋರಿಸುವ ಮೊದಲು ಒಮ್ಮೆ ನೋಡಬೇಕೆಂದೂ ಅವಳು ಬಾಯಿಪಾಠ ಒಪ್ಪಿಸಿದಳು. ಅವನು ತಲೆಯಾಡಿಸಿ ಒಳಗೆ ಕರೆದ.

ವಖಾರಿಯ ಮೂರು ಗೋಡೆಗೂ ತಗಡಿನ ಡಬ್ಬಿಗಳು. ಟೂರಿಂಗ್ ಟಾಕೀಜಿನ ಮಾಲಕ ಮಕ್ತುಮಸಾಬರು ಮೂಕಿ ಚಿತ್ರಗಳ ಕಾಲದಿಂದಲೂ ಒಂದು ತುಂಡನ್ನೂ ಎಸೆದವರಲ್ಲ. ಹರಿದದ್ದು, ಮಾಸಿದ್ದು, ಕಥೆಯ ನಡುಭಾಗ ಮಾತ್ರ ಉಳಿದದ್ದು, ಎಲ್ಲಕ್ಕೂ ಇಲ್ಲಿ ಜಾಗವಿತ್ತು. ಅವರಿಗೆ ಇನ್ನೊಂದು ಚಟವೂ ಇತ್ತು. ಹೋದ ಊರಿನಲ್ಲೆಲ್ಲ ತಮ್ಮದೇ ಕ್ಯಾಮೆರಾದಿಂದ ಸಂತೆಯ ಚಿತ್ರ ತೆಗೆದು, ನಿಮ್ಮ ಮಾರಿ ನೀವೇ ನೋಡಿಕೊಳ್ಳಿರಿ ಎಂದು ಡಂಗುರ ಹೊಡೆಸಿ ತೋರಿಸುತ್ತಿದ್ದರು. ತನ್ನ ಮುಖ ಹುಡುಕಲು ಒಬ್ಬೊಬ್ಬ ಮೂರು ಮೂರು ಸಲ ಟಿಕೀಟು ಕೊಳ್ಳುತ್ತಿದ್ದ.

ಉಳಿವೆಪ್ಪ ಮೇಜಿನ ಮೇಲೆ ಮಲೇರಿಯಾದ ಡಬ್ಬಿ ಇಟ್ಟ. ಅದರ ಪಕ್ಕದಲ್ಲಿ, ಅವಳು ಕೇಳದಿದ್ದ ಇನ್ನೊಂದನ್ನೂ ಇಟ್ಟ.

"ಸೊಳ್ಳಿ ನೋಡ್ತೀರೋ, ಹಾನಗಲ್ಲ ಸಂತಿ ನೋಡ್ತೀರೋ?"

ಅವಳು ಮೇಜಿನ ಅಂಚು ಹಿಡಿದು ನಿಂತಳು.

ಹೋದ ಆಗಸ್ಟಿನ ಚಳವಳಿಯಲ್ಲಿ ಹಿರೇಕೆರೂರಿನ ಕಡೆಯ ಒಂದು ಸರಕಾರಿ ಚಾವಡಿ ಸುಟ್ಟಾಗಿನಿಂದ ಅವಳ ತಮ್ಮ ವಾದಿರಾಜ ತಲೆ ಮರೆಸಿಕೊಂಡಿದ್ದ. ಅಂದಿನಿಂದ ಅವನನ್ನು ಕಂಡೇ ಇಲ್ಲವೆಂದು ಅವಳು ಪೊಲೀಸು ಫೌಜದಾರನೆದುರು ಹೇಳಿಕೆ ಕೊಟ್ಟಿದ್ದಳು. ಆದರೆ ಡಿಸೆಂಬರಿನಲ್ಲಿ ಹಾನಗಲ್ಲ ಸಂತೆಯ ಗದ್ದಲದಲ್ಲಿ ಅವನಿಗೆ ಒಂದು ರೊಟ್ಟಿಗಂಟು ಕೊಟ್ಟಿದ್ದಳು. ಅವನು ಮೀಸೆ ಬಿಟ್ಟು, ರುಮಾಲು ಸುತ್ತಿ ದನದ ದಲಾಲಿಯಾಗಿದ್ದ. ಗಂಟು ಕೈ ದಾಟುವ ಹೊತ್ತಿಗೆ ಅವಳು ಕತ್ತೆತ್ತಿದರೆ ಎದುರಿಗೆ ಮಕ್ತುಮಸಾಬರ ಕ್ಯಾಮೆರಾ ತಿರುಗುತ್ತಿತ್ತು.

ಶಿಗ್ಗಾಂವಿಯ ಟೆಂಟಿನಲ್ಲಿ ಆ ಚಿತ್ರ ನೋಡಿದ ಯಾರೋ ಒಬ್ಬ, ಅವಳು ಯಾರಿಗೋ ಗಂಟು ಕೊಟ್ಟಳೆಂದು ಚಾಡಿ ಹೇಳಿದ್ದ. ನಾಳೆ ಮೂರು ಗಂಟೆಗೆ ಇದೇ ವಖಾರಿಯಲ್ಲಿ ಫೌಜದಾರ ಆ ರೀಲು ನೋಡುವವನಿದ್ದ. ತಮ್ಮನ ಗುರುತು ಹೇಳಲು ಅವಳೇ ಹಾಜರಿರಬೇಕೆಂದು ಹುಕುಮಾಗಿತ್ತು. ವಾದಿರಾಜನ ಹೊಸ ವೇಷ ಪೊಲೀಸರಿಗೆ ಒಮ್ಮೆ ತಿಳಿದರೆ ಅವನು ಎರಡು ದಿನ ಹೊರಗಿರಲಾರ.

"ನನ್ನ ಗುರ್ತು ನಿಮಗ ಹ್ಯಾಂಗ ಹತ್ತಿತು?" ಎಂದು ಕೇಳಿದಳು.

"ಮೊದಲ ನೋಡ್ರಿ. ಬಳಿ ಮ್ಯಾಲೆ ಸರಿಸ್ಕೋರಿ, ಫಿಲ್ಮಿಗೆ ಗೀರು ಬೀಳತಾವ."

ಅವನು ರೀಲು ಸುತ್ತುವ ಕೈಗಾಣದ ಮೇಲೆ ಫಿಲ್ಮು ಏರಿಸಿ ಮೆಲ್ಲಗೆ ಸುತ್ತಿದ. ಕಿಟಕಿಯ ಬೆಳಕು ಗಾಜಿನ ಹಲಗೆಯ ಮೇಲೆ ಬೀಳುತ್ತಿತ್ತು. ಅವಳು ಭೂತಗನ್ನಡಿ ಹಿಡಿದು ಬಾಗಿದಳು. ಬುಟ್ಟಿಗಳು, ಎತ್ತಿನ ಕೊಂಬು, ಬಳೆಗಾರನ ಬೆನ್ನು. ಒಬ್ಬ ಮುದುಕ ಬಿಚ್ಚಿದ ಛತ್ರಿ ಹಿಡಿದು ಅಡ್ಡ ಬರುತ್ತಾನೆ. ಛತ್ರಿಯ ಕಪ್ಪು ಇಡೀ ಚಿತ್ರವನ್ನು ನುಂಗುತ್ತದೆ. ಅದು ಸರಿದರೆ, ಉಗುರಿನಷ್ಟು ದೊಡ್ಡ ಚೌಕದಲ್ಲಿ, ವಾದಿರಾಜ. ಅವನ ಪಕ್ಕದಲ್ಲಿ ಅವಳು, ನೆಟ್ಟಗೆ ತನ್ನನ್ನೇ ನೋಡುತ್ತಿದ್ದಾಳೆ.

"ಇದರಾಗ ಎಷ್ಟು ಅಂಜಿದಂಗ ಕಾಣಸ್ತೇನಿ," ಎಂದಳು.

"ಇಪ್ಪತ್ತೆರಡು ಆಟದಾಗೂ ಹಂಗ ಅಂಜೀರಿ," ಎಂದ ಉಳಿವೆಪ್ಪ. "ನಾಳೆರ ನಗತಾರೇನೋ ಅಂತ ದಿನಾ ನೋಡ್ತಿದ್ದೆ. ಒಂದಿನಾನೂ ನಗಲಿಲ್ಲ."

ಅವಳು ಕನ್ನಡಿಯಿಂದ ಕಣ್ಣು ಕಿತ್ತಳು. ಅವನು ತಟ್ಟನೆ ಕೈಗಾಣದ ಹಿಡಿಕೆ ನೋಡತೊಡಗಿದ. ಕಿವಿ ಕೆಂಪಾಗಿದ್ದುದು ಕಿಟಕಿಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಮಂದಿ ತಂತಮ್ಮ ಮಾರಿ ಹುಡಕತಿದ್ರು," ಎಂದ ಹಿಡಿಕೆಗೇ. "ನಾನು ಛತ್ರಿ ಯಾವಾಗ ಸರೀತೈತಿ ಅಂತ ಕಾಯ್ತಿದ್ದೆ. ಆಮ್ಯಾಲೆ ಈ ಊರಾಗ ನಿಮ್ಮನ್ನ ಶಾಲಿಗೆ ಹೋಗೂದು ಕಂಡೆ. ಎಲ್ಲಾರೂ ಅಕ್ಕಾರ ಅಂತಾರ. ನನಗ ಆ ಶಬ್ದ ಬಾಯಾಗ ಬರವಲ್ದು. ಬಾಯಾರ ಅಂತೇನಿ, ನಡೀತೈತಿಲ್ರಿ?"

ಇಂಥ ಹೊತ್ತಿನಲ್ಲಿ ನಗು ಬರಬಾರದು ಎಂದು ಅವಳು ತುಟಿ ಕಚ್ಚಿದಳು. ಮರುಗಳಿಗೆಯೇ ಭಯ ವಾಪಸು ಬಂತು. ಕತ್ತರಿಸಿ ತೆಗೆಯಲಾಗದೇ ಎಂದು ಕೇಳಿದಳು. ಕತ್ತರಿಸಿ ಜೋಡಿಸಿದರೆ ಚಿತ್ರ ಎಗರುತ್ತದೆ, ಚಾಡಿ ಹೇಳಿದವನೂ ಪಕ್ಕದಲ್ಲೇ ಕುಂತಿರುತ್ತಾನೆ, ಕಳವು ಗೊತ್ತಾಗುತ್ತದೆ ಎಂದ ಅವನು. ಆದರೆ ದೀಪದೆದುರು ಫಿಲ್ಮು ನಿಂತು ಸುಟ್ಟುಕೊಳ್ಳುವುದನ್ನು ಟೆಂಟಿಗೆ ಬಂದವರೆಲ್ಲ ಒಮ್ಮೆಯಾದರೂ ಕಂಡಿದ್ದಾರೆ. ಛತ್ರಿ ಬಂದಾಗ ಯಂತ್ರ ನಿಲ್ಲಿಸುವುದು. ದೀಪದ ಕಾವಿಗೆ ಹತ್ತಿದ ಕಿಡಿಗೆ ಮೇಲಿನ ಸುರುಳಿಯಿಂದ ಬೇಕಾದಷ್ಟು ಫಿಲ್ಮು ಕೈಯಿಂದ ಎಳೆದುಕೊಡುವುದು. ಅಲ್ಲಿಗೆ ಕತ್ತರಿ ಹಾಕುವುದು. ಸುಡಬೇಕಾದದ್ದು ಒಂಬತ್ತು ಅಡಿ. ಪರದೆಯ ಮೇಲೆ ಆರು ಸೆಕೆಂಡು.

"ಕತ್ತರಿ ತಪ್ಪಿದ್ರ?"

ಉತ್ತರ ಅವಳಿಗೇ ಗೊತ್ತಿತ್ತು. ತಪ್ಪಿದರೆ ಮೇಲಿನ ಸುರುಳಿ ಹತ್ತಿಕೊಳ್ಳುತ್ತದೆ, ಆಮೇಲೆ ಮೂರು ಗೋಡೆಯ ಡಬ್ಬಿಗಳು.

"ಇದು ಮಣ್ಣು ಮುಚ್ಚಿದ್ರೂ ಆರೂದಿಲ್ಲ, ನೀರಾಗೂ ಉರೀತದ," ಎಂದಳು. "ಉರೀಲಿಕ್ಕೆ ಬೇಕಾದ ಗಾಳಿ ತನ್ನೊಳಗ ಇಟ್ಟಗೊಂಡಿರ್ತದ. ಹೊಗಿ ಅಂತೂ ವಿಷ."

"ಇಂಟರಿನ್ಯಾಗ ಕೆಮಿಸ್ಟ್ರಿ ಎರಡು ಸಲ ನಪಾಸ ಆದದ್ದು ಚಲೋ ಆತು. ಇದೆಲ್ಲಾ ಗೊತ್ತಿದ್ರ ಈ ನೌಕರಿಗೆ ಬರ್ತಿರಲಿಲ್ಲ."

ಅವಳು ಮತ್ತೆ ಕನ್ನಡಿಗೆ ಬಾಗಿದಳು. ಆ ಒಂಬತ್ತು ಅಡಿಯಲ್ಲಿ ಒಂದು ಚೌಕದಲ್ಲಿ ಮಾತ್ರ ವಾದಿರಾಜ ಒಂದು ಎತ್ತಿನ ಹಿಂದೆ ಮರೆಯಾಗಿದ್ದ, ಅವಳೊಬ್ಬಳೇ ಇದ್ದಳು. ಉಳಿವೆಪ್ಪ ಅದರ ಮೇಲೆ ಬೆರಳಿಟ್ಟ.

"ಇದೊಂದ ಇಟ್ಟಗೊಳ್ಳಲೇನ್ರಿ?"

"ಬ್ಯಾಡ್ರಿ. ನಿಮ್ಮ ಕಿಸೇದಾಗ ಸಿಕ್ಕರ ಮುಗೀತು. ಎಲ್ಲಾ ಸುಡ್ರಿ."

ಅವನು ಬೆರಳು ತೆಗೆದ. ತನ್ನ ಹತ್ತಿರ ಇರುವುದನ್ನೆಲ್ಲ ಕೊಟ್ಟುಬಿಡುವವನ ಮುಖ ಹೇಗಿರುತ್ತದೆ ಎಂಬುದನ್ನು ಅವಳು ಅಂದು ನೋಡಿದಳು. ಹಸಿ ಪಂಚೆಯಿಂದ ಮೂಗು ಕಟ್ಟಿಕೊಳ್ಳಿರಿ ಎಂದಷ್ಟೇ ಹೇಳಿ ಹೊರಬಿದ್ದಳು.

ಮರುದಿನ ಮೂರು ಗಂಟೆಗೆ ಫೌಜದಾರ ಮುಂದಿನ ಕುರ್ಚಿಯಲ್ಲಿ ಕುಳಿತ. ಅವನ ಎಡಕ್ಕೆ ಗೋದಾಬಾಯಿ, ಬಲಕ್ಕೆ ಮುಖಕ್ಕೆ ಶಲ್ಯ ಹೊದ್ದ ಒಬ್ಬ. ಕಿಟಕಿಗೆ ಗೋಣಿತಾಟು ಕಟ್ಟಿದ್ದರು. ಕತ್ತಲಾಗಲೆಂದು ಫೌಜದಾರ ಬಾಗಿಲಿನ ಅಗಳಿಯನ್ನೂ ಹಾಕಿಸಿದ. ಬಾಗಿಲು ಎಲ್ಲಿದೆ, ನಡುವೆ ಯಾವ ಕುರ್ಚಿ ಅಡ್ಡವಿದೆ ಎಂಬುದನ್ನು ಬೆಳಕು ಆರುವ ಮೊದಲೇ ಕಣ್ಣಲ್ಲಿ ಇಟ್ಟುಕೊಂಡಳು.

ಹಿಂದಿನ ತಗಡಿನ ಕೋಣೆಯಲ್ಲಿ ಯಂತ್ರ ಗುರುಗುಟ್ಟಿತು. ಪರದೆಯ ಮೇಲೆ ಬುಟ್ಟಿಗಳು ಬಂದವು, ಎತ್ತು ಬಂತು. ಬಳೆಗಾರ ಬೆನ್ನು ತಿರುಗಿಸಿದ. ಛತ್ರಿ ಇಷ್ಟು ತಡವಾಗಿ ಬರುತ್ತದೆಂದು ನಿನ್ನೆ ಅನಿಸಿರಲಿಲ್ಲ.

ಬಂತು. ಕಪ್ಪು ಬೆಳೆಯಿತು, ಪರದೆ ತುಂಬಿತು, ನಿಂತಿತು. ನಡುವೆ ಒಂದು ಕಂದು ಚುಕ್ಕಿ ಹುಟ್ಟಿ, ಕುದಿಯುವ ಹಾಲಿನಂತೆ ಉಕ್ಕಿ, ಇಡೀ ಪರದೆ ಬೆಳ್ಳಗಾಯಿತು. ಹಿಂದೆ ಭುಗ್ ಎಂದು ಸದ್ದಾಯಿತು. ತಗಡಿನ ಕೋಣೆಯ ಕಿಂಡಿಗಳಲ್ಲಿ ಹಳದಿ ಬೆಳಕು ಕುಣಿಯಿತು.

ಫೌಜದಾರ ನೀರು ತರಿಸಲು ಕೂಗುತ್ತಿದ್ದ. ಗೋದಾಬಾಯಿ ಕುರ್ಚಿಗಳ ನಡುವೆ ಓಡಿ ಅಗಳಿ ಸರಿಸಿ ಬಾಗಿಲು ತಳ್ಳಿದಳು. ಎಲ್ಲರೂ ಹೊರಗೆ ನುಗ್ಗಿದರು, ಶಲ್ಯದವನು ಎಲ್ಲರಿಗಿಂತ ಮೊದಲು. ಅವಳು ಮಾತ್ರ ಒಳಗೆ ನಿಂತು ಕತ್ತರಿಯ ಸದ್ದಿಗಾಗಿ ಕಿವಿಯಾದಳು. ಯಂತ್ರ ನಿಂತಿತ್ತು. ಕತ್ತರಿ ಕೇಳಲಿಲ್ಲ.

ಆಮೇಲೆ, ಕಚಕ್.

ಹಳದಿ ಬೆಳಕು ಕುಗ್ಗಿತು. ಉಳಿವೆಪ್ಪ ಕೆಮ್ಮುತ್ತ ಹೊರಬಂದ. ಮೂಗಿಗೆ ಹಸಿ ಪಂಚೆ ಕಟ್ಟಿದ್ದ. ಎಡಗೈಯಲ್ಲಿ ಉಳಿದ ರೀಲು. ಬಲಗೈಯನ್ನು ಎದೆಗೆ ಅವಚಿಕೊಂಡಿದ್ದ; ಆ ಕೈಯ ಚರ್ಮ ಅವಳಿಗೆ ನೋಡಲಾಗಲಿಲ್ಲ.

ಅಂಗಳದಲ್ಲಿ ಫೌಜದಾರ ಬೂದಿಯನ್ನೂ ಸುಟ್ಟ ಕೈಯನ್ನೂ ಬಹಳ ಹೊತ್ತು ನೋಡಿದ. ಉಳಿದ ಭಾಗವನ್ನು ಓಡಿಸಿ ನೋಡುವಷ್ಟು ಧೈರ್ಯ ಅಲ್ಲಿ ಯಾರಿಗೂ ಉಳಿದಿರಲಿಲ್ಲ. ಕೊನೆಗೆ ಅವಳತ್ತ ತಿರುಗಿದ.

"ದೇವರ ಮ್ಯಾಲೆ ಆಣಿ ಮಾಡಿ ಹೇಳ್ರಿ ಬಾಯಾರ. ಪರದೆ ಮ್ಯಾಲೆ ನಿಮ್ಮ ತಮ್ಮ ಕಂಡನೇನು?"

"ನಾನು ಕಂಡದ್ದು ಛತ್ರಿ ಒಂದೇರಿ," ಎಂದಳು ಗೋದಾಬಾಯಿ. ಆಣೆ ಮಾಡಿ ಹೇಳಲು ಅವಳಿಗೆ ಯಾವ ಅಳುಕೂ ಆಗಲಿಲ್ಲ.

ವಾರದೊಳಗೆ ವಾದಿರಾಜ ಘಟ್ಟದ ಕಡೆಯ ಕಾಡು ಸೇರಿದ ಸುದ್ದಿ ಬಂತು. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಅವಳು ವಖಾರಿಗೆ ಹೋದಳು. ಬಾಗಿಲು ತೆರೆದೇ ಇತ್ತು. ಮಕ್ತುಮಸಾಬರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಸುಟ್ಟ ರೀಲಿನ ಅಳತೆ ಆಗಬೇಕು, ಈ ಹುಡುಗನಿಗೆ ಒಂದೇ ಕೈ, ಹಿಡಿಕೆ ತಿರುಗಿಸುವವರು ಬೇಕಾಗಿದ್ದಾರೆ ಎಂದು ಆಕಾಶಕ್ಕೆ ಹೇಳಿ, ಮತ್ತೆ ಚಹಾದ ಬಸಿ ಎತ್ತಿದರು.

ಉಳಿವೆಪ್ಪನ ಬಲಗೈಗೆ ದವಾಖಾನೆಯ ಪಟ್ಟಿ ಸುತ್ತಿತ್ತು. ಅವಳು ಬಳೆ ಮೇಲೆ ಸರಿಸಿಕೊಂಡು ಹಿಡಿಕೆಯ ಬಳಿ ಕುಳಿತಳು. ಹಿಡಿಕೆ ತಿರುಗಿಸಿ ಫಿಲ್ಮು ಸುತ್ತತೊಡಗಿದಳು.

"ಒಂದೂ ಇಟ್ಟಿಲ್ಲೇನು?" ಎಂದು ಕೇಳಿದಳು.

"ನೀವು ಬ್ಯಾಡ ಅಂದ್ರಿ."

"ಕತ್ತರಿ ಯಾಕ ಅಷ್ಟು ತಡಾ ಆತು?"

ಅವನು ಪಟ್ಟಿಯ ಅಂಚನ್ನು ಬಿಡಿಸುತ್ತ ಹೇಳಿದ. "ಕಡೇಕ ನೀವೊಬ್ಬರ ಇದ್ದ ಆ ಚಿತ್ರ ಬಂತು. ಒಂದೀಟು ನೋಡ್ಕೋತ ನಿಂತೆ. ಕೈ ಸುಟ್ಟದ್ದು ಅದಕ್ಕ."

ಅವಳು ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿದಳು. ಮನೆಯ ಹಿರಿಯನಾದ ಸೋದರಮಾವನ ಮುಖ ಕಣ್ಣ ಮುಂದೆ ಬಂತು. ಮಠದ ಹಾದಿಯಲ್ಲಿ ಸಿಗುವ ಹೆಂಗಸರು, ಅವರ ಜಾತಿ ನಮ್ಮ ಜಾತಿ ಎಂಬ ಪಿಸುಮಾತು, ಎಲ್ಲವೂ ಬಂದವು. ವಖಾರಿಯ ಅಗಳಿ ಮತ್ತೆ ಬಿದ್ದಂತಾಯಿತು.

"ಅಂಜಿಕಿ ಆಗ್ತದ್ರಿ," ಎಂದಳು. "ಆದ್ರೂ ನಾಳೆ ಬರ್ತೇನಿ. ನಾಡದೂ ಬರ್ತೇನಿ. ಚಿತ್ರ ಯಾಕ ಬೇಕು, ನನ್ನ ನೋಡ್ರಿ."

ಅವನು ನೋಡಿದ. ಅವಳು ನಕ್ಕಳು. ಇಪ್ಪತ್ತೆರಡು ಆಟದಲ್ಲಿ ಒಮ್ಮೆಯೂ ಬಾರದ ನಗು. ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆಂಬುದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಎಷ್ಟಾಯಿತು ಎಂದು ಹೊರಗಿನಿಂದ ಮಕ್ತುಮಸಾಬರು ಕೂಗಿ ಕೇಳಿದರು. ಇಬ್ಬರೂ ಬೆಚ್ಚಿ ದೂರ ಸರಿದರು. ಅವಳು ಉಳಿದಷ್ಟನ್ನೂ ಸುತ್ತಿ, ಅಳೆದು, ಡಬ್ಬಿಯ ಮೇಲಿನ ಹಳೆಯ ಲೆಕ್ಕದಿಂದ ಕಳೆದು, ಇನ್ನೊಮ್ಮೆ ಕಳೆದು ನೋಡಿ ಹೇಳಿದಳು. ಕತ್ತರಿ ಅಷ್ಟು ತಡವಾಗಿದ್ದರೂ ಕಡಿಮೆಯಾದದ್ದು ಸರಿಯಾಗಿ ಒಂಬತ್ತೇ ಅಡಿ.