ರಫ್ ಶೀಟು ಹೇಳಿದ ಸತ್ಯ

"ಇದು ನಿಮ್ಮದೇ ಏನ್ರಿ?"

ಆಳಂದದ ಗ್ರಂಥಾಲಯದ ಮೇಜಿನ ಮೇಲೆ ಮಹಾನಂದಾ ರಫ್ ಶೀಟನ್ನು ಬಡಿದಿಟ್ಟಳು. ಎದುರಿಗಿದ್ದ ಸುನೀಲಕುಮಾರ ಬೆಚ್ಚಿಬಿದ್ದ. ಮೂರು ತಿಂಗಳಿಂದ ಒಂದೇ ಮೇಜಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದರೂ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಇದು!

"ಹೌದ್ರಿ... ನಂದೇ."

"ಕೊನೇ ಪಜಲ್‌ನ ಐದೂ ಉತ್ತರ ಇದ್ರಾಗ ಸರಿ ಅದಾವ. ಉತ್ತರಪತ್ರಿಕೆದಾಗ ಯಾಕ ಖಾಲಿ ಬಿಟ್ರಿ?"

ಅವನು ತಲೆ ತಗ್ಗಿಸಿದ. ಕೋಚಿಂಗ್ ಸೆಂಟರಿನ ಮಾದರಿ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಒಂದೇ ಒಂದು ಉಚಿತ ಸೀಟು. ನಿನ್ನೆ ಅದು ಮಹಾನಂದಾಳಿಗೆ ಸಿಕ್ಕಿತ್ತು, ಎರಡೇ ಅಂಕಗಳ ಅಂತರದಲ್ಲಿ. ಇವತ್ತು ಎಲ್ಲರ ಉತ್ತರಪತ್ರಿಕೆ, ರಫ್ ಶೀಟು ಹಂಚಲು ಸರ್ ಅವಳ ಕೈಗೇ ಕೊಟ್ಟಿದ್ದರು.

"ನೀವು ನಿಂಬರ್ಗಾದಿಂದ ದಿನಾ ಮೊದಲ ಬಸ್ಸಿಗೆ ಬರ್ತೀರಿ... ನಿಮ್ಮ ಅವ್ವ ಕೂಲಿ ಮಾಡ್ತಾರಂತ ಕೇಳಿದ್ದೆ. ಸೀಟು ನಿಮಗ ಸಿಗ್ಲಿ ಅಂತ..."

"ನಮ್ಮವ್ವ ತೊಗರಿ ಹೊಲದಾಗ ದುಡೀತಾಳ್ರಿ, ಯಾರ ಮುಂದೂ ಕೈ ಚಾಚಿಲ್ಲ. ನಾನೂ ಚಾಚೂದಿಲ್ಲ!"

ಅವಳ ಕಣ್ಣು ತುಂಬಿ ಬಂತು. ಅಳಬಾರದು, ಇವನ ಮುಂದಂತೂ ಅಳಲೇಬಾರದು! ಇಷ್ಟು ದಿನ ತಾನು ಕಳ್ಳಗಣ್ಣಲ್ಲಿ ನೋಡುತ್ತಾ ಬಂದವನೇ ತನ್ನನ್ನು ಕನಿಕರದಿಂದ ನೋಡಿದನಲ್ಲ...

"ಈಗ ಹೊಸ ಪಜಲ್ ಬಿಡಸೋಣ. ಗೆದ್ರ ಸೀಟು ನಂದು. ಸೋತ್ರ ಸರ್‌ಗೆ ಖರೇ ಹೇಳಿ ನಿಮಗ ಬಿಡ್ತೇನಿ."

ಗ್ರಂಥಾಲಯ ನೋಡಿಕೊಳ್ಳುವ ಲಾಡ್ಲೆಸಾಬ ಕಾಕಾ ಪುಸ್ತಕವೊಂದನ್ನು ತೆರೆದಿಟ್ಟರು. "ಹತ್ತ ಮಿನಿಟ್. ಶುರು ಮಾಡ್ರಿ!"

ದುಂಡು ಮೇಜಿನ ಸುತ್ತ ಎಂಟು ಜನ. ಯಾರ ಎಡಕ್ಕೆ ಯಾರು, ಯಾರ ಎದುರಿಗೆ ಯಾರು... ಮಹಾನಂದಾ ಯಾವಾಗಲೂ ಕೊನೆಯ ಸಾಲನ್ನು ಮೊದಲು ಓದುವವಳು. ಏಳು ಜನರ ಮುಖ ಮೇಜಿನ ಕಡೆ, ಒಬ್ಬನದು ಮಾತ್ರ ಹೊರಗಡೆ ಎಂದು ಅಲ್ಲಿತ್ತು; ಅಂದರೆ ಅವನ ಎಡ-ಬಲ ಅದಲುಬದಲು!

ಅವಳ ಐದೂ ಸರಿ. ಅವನ ಎರಡು ತಪ್ಪು.

"ಮತ್ತ ಬೇಕಂತ ಸೋತ್ರೇನು?" ಅವಳು ಅವನ ರಫ್ ಶೀಟು ಕಸಿದುಕೊಂಡಳು. ಕೂತವರ ಮುಖದ ದಿಕ್ಕು ತೋರಿಸಲು ಹಾಕಿದ್ದ ಎಂಟೂ ಬಾಣಗಳು ಒಳಮುಖವಾಗಿದ್ದವು; ಕೊನೆಯ ಸಾಲು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಳಿಸಿ ಅಳಿಸಿ ಕಾಗದ ಹರಿದಿತ್ತು. ಪಾಪ, ನಿಜವಾಗಿಯೇ ಸೋತಿದ್ದ.

"ಈಗಾದ್ರೂ ಸಿಟ್ಟು ಹೋಯ್ತೇನ್ರಿ?"

"ಕೊಟ್ಟ ಮಾಹಿತಿ ಸಾಲದು." ಪ್ರಶ್ನೆಪತ್ರಿಕೆಯ ಕೊನೆಯ ಆಯ್ಕೆಯನ್ನೇ ಅವಳು ಮುಖ ಬಿಗಿದು ಹೇಳಿದಳು.

"ಅದು ಕನಿಕರ ಅಲ್ರಿ... ಸೀಟು ಸಿಗದೇ ನೀವು ಬರೂದು ನಿಂತ್ರ ಅಂತ ಹೆದರಿದ್ದೆ. ನೀವಂದ್ರ ನನಗ ಪ್ರೀತಿ. ಆದ್ರೂ ತಪ್ಪು ಮಾಡೇನಿ."

ಅವಳು ತಲೆ ತಗ್ಗಿಸದೆ ನೇರವಾಗಿ ಕೇಳಿದಳು.

"ಕೂಲಿಯವ್ರ ಮಗಳು ಅಂತ ನಿಮ್ಮೂರು ಭೂಸನೂರಿನ ಮನ್ಯಾಗ ಹೇಳೂ ಧೈರ್ಯ ಅದ?"

"ಅದ. ನನ್ನ ಸೋಲಿಸಿದಾಕಿ ಅಂತನೂ ಹೇಳ್ತೇನಿ."

ಮಹಾನಂದಾಳಿಗೆ ನಗು ತಡೆಯಲಾಗಲಿಲ್ಲ.

"ಹಂಗಾರ ಎದುರಿಗ್ಯಾಕ ಕುಂತೀರಿ? ನನ್ನ ಬಲಕ್ಕ ಬರ್ರಿ. ನಾ ಎಡಗೈಲೆ ಬರೀತೇನಿ, ಕೈ ತಾಕಬಾರ್ದು."

"ತಾಕಿದ್ರ?"

"ಲಕ್ಷ್ಯ ತಪ್ಪಿ ಮತ್ತ ಸೋಲ್ತೀರಿ!"

"ಸೋತ್ರ ಖರೇನ ಸೋಲ್ತೇನ್ರಿ," ಎಂದು ಅವನು ಕುರ್ಚಿ ಎಳೆದುಕೊಂಡ.