ಬೇವಿನ ಸಾಲಿನ ಶಾಸನ

ಅನ್ನೂರಿನ ಟೌನ್ ಬಸ್ಸು ತನ್ನ ಪಾವಿನ ಮೇಲೆ ಹಾದುಹೋದ ಬೆಳಿಗ್ಗೆಯೇ ದಂಡಪಾಣಿ ಇನ್ನು ನ್ಯಾಯವಾಗಿ ಬದುಕಿ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದ.

ಮಗ್ಗಕ್ಕೆ ಏರಿಸುವ ಮುನ್ನ ನೂಲನ್ನು ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ ಒಣಗಿಸುವುದಕ್ಕೆ ಆ ನೇಕಾರರ ಬೀದಿಯಲ್ಲಿ ಪಾವು ಹಾಕುವುದು ಎನ್ನುತ್ತಿದ್ದರು. ನೆರಳಿದ್ದರೆ ನೂಲು ಹದವಾಗಿ ಒಣಗುತ್ತದೆ. ಸುಡುಬಿಸಿಲಿಗೆ ಸಿಕ್ಕರೆ ಪಟಪಟನೆ ಹರಿಯುತ್ತದೆ. ನೆರಳಿದ್ದದ್ದು ಬೀದಿಯ ಹಿಂದಿನ ಬೇವಿನ ಸಾಲಿನಲ್ಲಿ ಮಾತ್ರ. ಅದನ್ನು ತಲೆಮಾರುಗಳಿಂದ ಅನುಭವಿಸುತ್ತಿದ್ದವರು ತಿರುಮಲೈಸಾಮಿಯ ಮನೆಯವರು. ಅವನು ದಂಡಪಾಣಿಯ ಹೆಂಡತಿ ಪಳನಿಯಮ್ಮನ ಅಣ್ಣ. ದಂಡಪಾಣಿಗೆ ಉಳಿದದ್ದು ಬಸ್ಸು ಓಡಾಡುವ ರಸ್ತೆಯಂಚು. ಆ ದಿನ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಡ್ರೈವರ್ ಬಸ್ಸನ್ನು ಪಕ್ಕಕ್ಕೆ ತಿರುಗಿಸಿದ; ಮದುವೆ ಸೀರೆಗೆಂದು ಬಿಗಿದಿದ್ದ ನೂಲು ಚಕ್ರಕ್ಕೆ ಸುತ್ತಿಕೊಂಡು ಕೊಯಮತ್ತೂರಿನ ಕಡೆಗೆ ಹೊರಟೇಹೋಯಿತು.

ತಿರುಮಲೈಸಾಮಿ ಸಮಾಧಾನ ಹೇಳಲು ಬಂದ. “ಬಿಡು ಮಾಪಿಳ್ಳೆ, ನೂಲು ತಾನೇ ಹೋಯ್ತು. ನೀನು ಚೆನ್ನಾಗಿದೀಯಲ್ಲ.”

ನೆರಳಲ್ಲಿ ನಿಲ್ಲುವವನಿಗೆ ಇಂಥ ಮಾತು ಸುಲಭವಾಗಿ ಬರುತ್ತದೆ ಎಂದುಕೊಂಡ ದಂಡಪಾಣಿ.

ಉಪಾಯ ಹೊಳೆದದ್ದು ಬೆಂಗಳೂರಿನಲ್ಲಿ. ನೇಕಾರರ ಸಂಘದವರು ವ್ಯಾನು ಮಾಡಿಕೊಂಡು ಊರು ತೋರಿಸಲು ಎಲ್ಲರನ್ನೂ ಕರೆದೊಯ್ದಿದ್ದರು. ವಿಧಾನಸೌಧವನ್ನು ಹೊರಗಿನಿಂದ ನೋಡಿದ್ದಾಯಿತು, ಟಿಪ್ಪುವಿನ ಅರಮನೆಯ ಕಂಬಗಳನ್ನು ತಟ್ಟಿ ನೋಡಿದ್ದಾಯಿತು. ಕೊನೆಗೆ ಒಂದು ಮ್ಯೂಸಿಯಂ. ಅದರ ಅಂಗಳದ ತುಂಬ ಬರಹದ ಕಲ್ಲುಗಳು ನಿಂತಿದ್ದವು. “ಇವೆಲ್ಲ ರಾಜರು ದಾನ ಕೊಟ್ಟ ಕಲ್ಲು. ಹೊಲ, ಕೆರೆ, ಊರು, ಏನು ಬೇಕಾದರೂ ಕೊಡ್ತಿದ್ದರು,” ಎಂದ ಜೊತೆಗಿದ್ದ ಗೈಡು.

ಉಳಿದವರು ನೆರಳು ಹುಡುಕಿಕೊಂಡು ಹೋದರು. ದಂಡಪಾಣಿ ಅಲ್ಲೇ ನಿಂತ. ಕೊಯಮತ್ತೂರು ಒಂದು ಕಾಲಕ್ಕೆ ಮೈಸೂರಿನವರ ಕೈಯಲ್ಲಿತ್ತು ಎಂಬುದು ಬೀದಿಗೆಲ್ಲ ಗೊತ್ತು. ಬೇವಿನ ಸಾಲಿನ ಮಣ್ಣಿನೊಳಗೆ ರಾಜರ ಕಲ್ಲೊಂದು ಸಿಕ್ಕರೆ ಎದುರು ಮಾತಾಡುವವರು ಯಾರು? ಮನೆಯಲ್ಲಿ ಆಡುವುದು ಕನ್ನಡವಾದರೂ ಇಡೀ ಬೀದಿ ಓದಿದ್ದು ತಮಿಳು ಶಾಲೆಯಲ್ಲಿ. ಆ ಅಕ್ಷರಗಳು ಅವನಿಗೂ ಬಾರವು, ಬೇರೆಯವರಿಗೂ ಬಾರವು. ಅದು ಅವನಿಗೆ ಇನ್ನಷ್ಟು ಧೈರ್ಯ ಕೊಟ್ಟಿತು.

ಎಲ್ಲ ಕಲ್ಲುಗಳೂ ಸವೆದಿದ್ದವು. ದಾರಿಯ ಪಕ್ಕದ ಒಂದು ಗಿಡ್ಡ ಕಲ್ಲು ಮಾತ್ರ ಗುಂಡುಗುಂಡು ಅಕ್ಷರಗಳಿಂದ ಚೊಕ್ಕವಾಗಿತ್ತು. ಒಳ್ಳೆಯ ರಾಜನಿರಬೇಕು, ಕೆಲಸ ಗಟ್ಟಿ ಮಾಡಿಸಿದ್ದಾನೆ ಎಂದುಕೊಂಡ. ಸೀರೆಯಂಚಿನ ಡಿಸೈನ್ ಬರೆಯುವುದೇ ಅವನ ಕಸುಬು. ಚೀಲದಲ್ಲಿ ಚೌಕುಳಿ ಕಾಗದ ಯಾವಾಗಲೂ ಇರುತ್ತಿತ್ತು. ಹೂವು, ಹಂಸ ಬರೆಯುವ ಹಾಗೆಯೇ ಒಂದೊಂದು ಸುರುಳಿಯನ್ನೂ ಎಳೆ ಲೆಕ್ಕದಲ್ಲಿ ಇಳಿಸಿಕೊಂಡ. ದೂರದಿಂದ ಕಾವಲುಗಾರ ಸೀಟಿ ಊದಿ, ಆ ಕಲ್ಲಿನ ಕಡೆಗೇ ಮತ್ತೆ ಮತ್ತೆ ಬೆರಳು ತೋರಿಸಿದ. ತಮ್ಮೂರ ಕಲ್ಲಿನ ಮೇಲೆ ಅವನಿಗೆ ಎಷ್ಟು ಅಭಿಮಾನ! ದಂಡಪಾಣಿ ನಗುತ್ತ ತಲೆಯಾಡಿಸಿ, ಕೊನೆಯ ಸಾಲನ್ನೂ ಮುಗಿಸಿ ಎದ್ದ.

ಊರಿಗೆ ಬಂದು ಹಿತ್ತಲಲ್ಲಿ ಒಂದು ಕಲ್ಲಿನ ಮೇಲೆ ಅದನ್ನು ಕೆತ್ತಲು ಕೂತ. ಮಗ್ಗಗಳ ಸದ್ದಿನಲ್ಲಿ ಉಳಿಯ ಸದ್ದು ಯಾರಿಗೂ ಕೇಳಿಸಲಿಲ್ಲ, ಪಳನಿಯಮ್ಮನೊಬ್ಬಳನ್ನು ಬಿಟ್ಟು.

“ಏನುಂಗ, ಅದೇನು ಟೊಕ್ ಟೊಕ್ ಅಂತ?”

“ಅರೆಯೋ ಕಲ್ಲಿಗೆ ಕಚ್ಚು ಹಾಕ್ತಾ ಇದೀನಿ.”

“ಇಷ್ಟು ಹಾಕಿದರೆ ಚಟ್ನಿಗೆ ಕಲ್ಲೇ ಇರಲ್ಲ.”

ಕೆತ್ತಿದ ಕಲ್ಲು ಹಳೆಯದಾಗಿ ಕಾಣಲೆಂದು ಮಜ್ಜಿಗೆ ಸುರಿದ, ಸಗಣಿ ನೀರು ಬಳಿದ. ತಿರುಮಲೈಸಾಮಿಯ ಮನೆಮಂದಿಯೆಲ್ಲ ತಿರುಪ್ಪೂರಿಗೆ ಮದುವೆಗೆ ಹೋದಾಗ ಮಟಮಟ ಮಧ್ಯಾಹ್ನದಲ್ಲೇ ಬೇವಿನ ಸಾಲಿನಲ್ಲಿ ಹೂತುಬಂದ. ಒಂದು ಮಳೆಗಾಲ ಪೂರ್ತಿ ಕಾದ. ಆತುರಪಟ್ಟವರು ಸಿಕ್ಕಿಬೀಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ತಾನೇ ಅಗೆದರೆ ಅನುಮಾನ ಬರುತ್ತದೆ ಎಂಬುದೂ ಗೊತ್ತಿತ್ತು.

“ಭಾವಾ, ಈ ಕೊಂಬೆ ವಾಲ್ತಾ ಇದೆ. ಇಲ್ಲೊಂದು ಕಂಬ ನೆಟ್ಟು ಊರೆ ಕೊಡಬಾರದಾ?”

ತಿರುಮಲೈಸಾಮಿಯ ಹಾರೆಯೇ ಕಲ್ಲಿಗೆ ಠಣ್ ಎಂದು ತಗುಲಿತು. ಬೀದಿಗೆ ಬೀದಿಯೇ ಓಡಿಬಂತು. ಯಾರೋ ಅರಿಶಿನ ತಂದರು, ಯಾರೋ ಕರ್ಪೂರ ಹಚ್ಚಿದರು. ದಂಡಪಾಣಿ ಸಂಕೋಚದಿಂದೆಂಬಂತೆ ಹೆಗಲ ವಲ್ಲಿ ಹಿಂಡಿದ. “ಮೈಸೂರು ರಾಜರು ಈ ಜಾಗ ನಮ್ಮ ಮನೆಗೆ ಕೊಟ್ಟಿದ್ದಾರೆ ಅಂತ ತಾತ ಹೇಳ್ತಿದ್ದರು. ನಾನೇ ನಂಬಿರಲಿಲ್ಲ.”

ಒಂದು ದೊಡ್ಡ ಜಗಳಕ್ಕೆ ಅವನು ಸಿದ್ಧನಾಗಿದ್ದ. ತಿರುಮಲೈಸಾಮಿ ಹಾರೆ ಕೆಳಗಿಟ್ಟು ಕಲ್ಲಿಗೆ ಕೈಮುಗಿದ. “ರಾಜರ ಮಾತಿಗೆ ನಾನ್ಯಾರು ಮಾಪಿಳ್ಳೆ? ನಾಳೆಯಿಂದ ಪಾವು ನೀನೇ ಹಾಕು.” ದಂಡಪಾಣಿಗೆ ತುಸು ನಿರಾಸೆಯೇ ಆಯಿತು. ಆದರೆ ಮರುದಿನ ಬೇವಿನ ನೆರಳಲ್ಲಿ ತನ್ನ ನೂಲು ಒಂದೆಳೆಯೂ ಹರಿಯದೆ ಒಣಗುವುದನ್ನು ಕಂಡಾಗ ಅದೂ ಮರೆತುಹೋಯಿತು.

ವಾರ ಕಳೆಯುವುದರೊಳಗೆ ತಿರುಮಲೈಸಾಮಿ ಸಂಭ್ರಮದಿಂದ ಬಂದ. “ಬ್ಯಾಂಕಿಗೆ ಮೈಸೂರಿನಿಂದ ಹೊಸ ಮ್ಯಾನೇಜರ್ ಬಂದವ್ರೆ. ಕಲ್ಲು ಓದಲು ಕೇಳಿದೆ, ಶರಿ ಅಂದರು. ನಿಮ್ಮ ತಾತನ ಹೆಸರು ನಾಲ್ಕು ಜನರ ಕಿವಿಗೆ ಬೀಳಲಿ.”

ದಂಡಪಾಣಿ ಅಳುಕಲಿಲ್ಲ. ಇದನ್ನೂ ಅವನು ಯೋಚಿಸಿಟ್ಟಿದ್ದ. ರಾಜರ ಕಲ್ಲಿನಲ್ಲಿ ದಾನವಲ್ಲದೆ ಬೇರೇನಿರುತ್ತದೆ? ಹೊಲ ಎಂದಿದ್ದರೆ ಈ ಸಾಲು ಮೊದಲು ಹೊಲವಾಗಿತ್ತು ಎನ್ನುವುದು. ಕೆರೆ ಎಂದಿದ್ದರೆ ಕೆರೆ ಬತ್ತಿತು ಎನ್ನುವುದು. ಕಲ್ಲಿನಲ್ಲಿ ಬೇರೆ ಯಾರದೋ ಹೆಸರಿದ್ದರೆ, ಅದು ಮುತ್ತಾತನ ಇನ್ನೊಂದು ಹೆಸರು ಎನ್ನುವುದು.

ಭಾನುವಾರ ಮ್ಯಾನೇಜರ್ ಬಂದಾಗ ದಂಡಪಾಣಿಯೇ ಹಾರ ಹಾಕಿದ. “ನೋಡಿ, ನನಗೆ ಹಳೆಯ ಲಿಪಿಯೆಲ್ಲ ಓದಲು ಬರುವುದಿಲ್ಲ,” ಎಂದು ಅವರು ಹಿಂಜರಿದಾಗ ಅವನಿಗೆ ಮನಸ್ಸು ಮತ್ತೂ ಹಗುರವಾಯಿತು. “ಬಂದಷ್ಟು ಓದಿ ಸಾಮಿ,” ಎಂದು ಧಾರಾಳವಾಗಿ ಹೇಳಿದ.

ಮ್ಯಾನೇಜರ್ ಕುಕ್ಕರಗಾಲಲ್ಲಿ ಕೂತು ಅರಿಶಿನ ಒರೆಸಿದರು. ಅವರ ಮುಖ ಅರಳಿತು. “ಅಯ್ಯೋ, ಇದು ನಮ್ಮ ಕಾಲದ ಕನ್ನಡವೇ!” ಎಂದವರೇ ಶಾಲೆಯ ಪಾಠದಂತೆ ಗಟ್ಟಿಯಾಗಿ ಓದಿದರು: “ಸೂಚನೆ. ಇಲ್ಲಿ ಇಟ್ಟಿರುವ ಕಲ್ಲುಗಳ ಬರಹವನ್ನು ಅಪ್ಪಣೆಯಿಲ್ಲದೆ ಯಾರೂ ನಕಲು ಮಾಡಕೂಡದು.” ಅಕ್ಷರ ಬಾರದಿದ್ದರೇನು, ಮಾತು ಮನೆಮಾತು, ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ತಿರುಮಲೈಸಾಮಿ ನಿಧಾನವಾಗಿ ತಂಗಿಯ ಗಂಡನ ಕಡೆಗೆ ತಿರುಗಿದ. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು, ಕಡೆಯ ಸಾಲಿನ ಮಣ್ಣನ್ನು ಉಗುರಿನಿಂದ ಕೆರೆದು ಅದನ್ನೂ ಓದಿದರು: “ಮ್ಯೂಸಿಯಂ, ಬೆಂಗಳೂರು.”